ಅಮ್ಮನ ಕಾಲುಬಾವು ಮತ್ತು ಎರಡು ಹೆಸರಿನ ಒಂದೇ ಮಾತ್ರೆ

ಪ್ರಶ್ನೆ: ಡಾಕ್ಟ್ರೇ, ನನ್ನ ಅಮ್ಮನಿಗೆ 63 ವರ್ಷ. ಪುತ್ತೂರು ಹತ್ತಿರದ ಹಳ್ಳಿಯಲ್ಲಿ ಅಪ್ಪನ ಜೊತೆ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಅಮ್ಮನಿಗೆ ಒಂಬತ್ತು ವರ್ಷದಿಂದ ಶುಗರ್, ಏಳು ವರ್ಷದಿಂದ ಬಿಪಿ. ಕಳೆದ ದೀಪಾವಳಿಗೆ ಬಂದವರು ಮೂರು ತಿಂಗಳು ನಮ್ಮಲ್ಲೇ ಇದ್ದರು. ಬಿಪಿ ಏರಿದೆ ಎಂದು ಇಲ್ಲಿನ ಡಾಕ್ಟರು ಆಗ ಹೊಸ ಮಾತ್ರೆ ಬರೆದುಕೊಟ್ಟರು. ಊರಿಗೆ ಮರಳಿದ ಮೇಲೆ ಎರಡೂ ಕಾಲು ಬಾತುಕೊಳ್ಳುತ್ತಿದೆ. ಬೆಳಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಕಾಲುಂಗುರ ಬಿಗಿಯಾಗಿ ಬೆರಳು ಕೆಂಪಾಗುತ್ತದೆ. ಊರಿನ ಕ್ಲಿನಿಕ್ಕಿನಲ್ಲಿ ನೀರು ಹೋಗುವ ಮಾತ್ರೆ ಕೊಟ್ಟಿದ್ದಾರೆ; ಹೆಚ್ಚೇನೂ ಇಳಿದಿಲ್ಲ. ಪಾದದ ಉರಿ ಬೇರೆ. ‘ಇಂಗ್ಲಿಷ್ ಮಾತ್ರೆ ತಿಂದು ತಿಂದು ಕಿಡ್ನಿ ಹಾಳಾಗಿದೆ, ಅದಕ್ಕೇ ಬಾವು’ ಎಂದು ನೆರೆಮನೆಯವರು ಹೇಳಿದ ಮೇಲೆ ಅಮ್ಮ ಎರಡು ಸಲ ಬಿಪಿ ಮಾತ್ರೆ ಪೂರ್ತಿ ಬಿಟ್ಟಿದ್ದರು. ‘ಬಿಟ್ಟರೆ ಬಾವು ಇಳಿಯುತ್ತದೆ, ನಾನೇ ನೋಡಿದ್ದೇನೆ’ ಎನ್ನುತ್ತಾರೆ. ನಾವು ಬೈದು ಮತ್ತೆ ಶುರು ಮಾಡಿಸಿದೆವು. ಈಗ ಕೊಲೆಸ್ಟ್ರಾಲಿಗೆ ಒಳ್ಳೆಯದೆಂದು ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಂಬುಳಿ ಜ್ಯೂಸು, ಶುಗರಿಗೆ ಇನ್ಸುಲಿನ್ ಗಿಡದ ಎಲೆ, ಕೋವಿಡ್ ಸಮಯದಿಂದ ಅಮೃತಬಳ್ಳಿ ಕಷಾಯ. ಮಂಡಿನೋವಿಗೆ ಮೆಡಿಕಲ್‌ನಿಂದ ಮಾತ್ರೆ ತಂದು ನುಂಗುತ್ತಾರೆ. ಎಲ್ಲ ಮಾತ್ರೆಗಳ ಫೋಟೋ ಕಳಿಸಿದ್ದೇನೆ. ಮಾತ್ರೆ ಬಿಡಿಸಿ ನಾಟಿ ಔಷಧಿಗೆ ಹೋಗುವುದಾ, ಕಷಾಯ ಬಿಡಿಸಿ ಮಾತ್ರೆಯಲ್ಲೇ ಇರುವುದಾ?

ಉತ್ತರ: ನಿಮ್ಮ ಪತ್ರಕ್ಕಿಂತ ಹೆಚ್ಚು ಮಾತಾಡಿದ್ದು ಆ ಫೋಟೋ. ಊಟದ ಮೇಜಿನ ಮೇಲೆ ಮಾತ್ರೆಗಳ ಹಾಳೆಗಳನ್ನು ಸಾಲಾಗಿ ಹರಡಿ, ಹಿಂಬದಿ ಕಾಣುವ ಹಾಗೆ ತೆಗೆದು ಕಳಿಸಿದ್ದೀರಿ. ಬಹಳ ಜನ ಹೆಸರಿರುವ ಮುಂಬದಿಯನ್ನಷ್ಟೇ ಕಳಿಸುತ್ತಾರೆ. ನನಗೆ ಬೇಕಾಗುವುದು ಹಿಂಬದಿಯ ಆ ಇರುವೆ ಸಾಲಿನಂಥ ಅಕ್ಷರ.

ಅದನ್ನು ದೊಡ್ಡದು ಮಾಡಿ ಓದಿದೆ. ಬೆಳಗಿನ ಮಾತ್ರೆ ಬೆಂಗಳೂರಿನಲ್ಲಿ ಬರೆದದ್ದು: ಟೆಲ್ಮಿಸಾರ್ಟನ್ 40 ಮಿ.ಗ್ರಾಂ. ಜೊತೆಗೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಅದರ ಹೆಸರಿನ ಕೊನೆಗೆ ‘ಎಎಂ’ ಎಂಬ ಎರಡಕ್ಷರವಿದೆ, ಗಮನಿಸಿ, ಅದು ಆಮ್ಲೋಡಿಪಿನ್‌ನ ಗುರುತು. ರಾತ್ರಿಯ ಮಾತ್ರೆ ಏಳು ವರ್ಷದಿಂದ ನುಂಗುತ್ತಿರುವ ಹಳೆಯದು. ಹೆಸರು ಬೇರೆ, ಕಂಪನಿ ಬೇರೆ, ಬಣ್ಣವೂ ಬೇರೆ. ಹಿಂಬದಿ ನೋಡಿದರೆ ಆಮ್ಲೋಡಿಪಿನ್ 5 ಮಿ.ಗ್ರಾಂ. ಅಂದರೆ ನಿಮ್ಮ ತಾಯಿ ದಿನಕ್ಕೆ 10 ಮಿ.ಗ್ರಾಂ. ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದಾರೆ, ಅದು ಅವರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಬಹುಶಃ ಎರಡೂ ಕಡೆಯ ಡಾಕ್ಟರಿಗೂ ಗೊತ್ತಿಲ್ಲ. ಬೆಂಗಳೂರಿನವರು ಹಳೆಯದರ ಬದಲಿಗೆ ಎಂದುಕೊಂಡು ಹೊಸದು ಬರೆದಿರಬೇಕು. ಅಮ್ಮ ಹಳೆಯದರ ಜೊತೆಗೆ ಎಂದುಕೊಂಡಿದ್ದಾರೆ. ನನ್ನ ಹೊರರೋಗಿ ವಿಭಾಗದಲ್ಲಿ ಇದು ಅಪರೂಪವೇನಲ್ಲ. ಮಗನ ಮನೆ, ಮಗಳ ಮನೆ, ಊರ ಮನೆ ಎಂದು ಓಡಾಡುವ ಹಿರಿಯರ ಚೀಲದಲ್ಲಿ ಹೀಗೆ ಅವಳಿ ಮಾತ್ರೆಗಳು ಸಿಗುತ್ತಲೇ ಇರುತ್ತವೆ.

ಗಾಬರಿ ಬೇಡ. 10 ಮಿ.ಗ್ರಾಂ. ವಿಷವಲ್ಲ, ಆ ಔಷಧಕ್ಕೆ ಅನುಮತಿಸಿರುವ ಗರಿಷ್ಠ ದಿನದ ಪ್ರಮಾಣ ಅಷ್ಟೇ. ಆದರೆ ಕಾಲುಬಾವಿನ ಮಟ್ಟಿಗೆ 5ಕ್ಕೂ 10ಕ್ಕೂ ಇರುವ ವ್ಯತ್ಯಾಸ ದುಪ್ಪಟ್ಟಲ್ಲ, ಅದಕ್ಕಿಂತ ತುಂಬಾ ಜಾಸ್ತಿ. ಔಷಧದ ಅಧಿಕೃತ ಮಾಹಿತಿಪತ್ರದಲ್ಲೇ ಇದೆ: 5 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ನೂರಕ್ಕೆ ಮೂವರಿಗೆ ಬಾವು ಬಂದರೆ, 10 ಮಿ.ಗ್ರಾಂ. ತೆಗೆದುಕೊಂಡವರಲ್ಲಿ ಸುಮಾರು ಹನ್ನೊಂದು ಮಂದಿಗೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಪಟ್ಟಿಗೂ ಹೆಚ್ಚು.

ಇದು ಯಾಕೆ ಆಗುತ್ತದೆ ಎಂದು ಹೇಳಿಬಿಡುತ್ತೇನೆ, ಯಾಕೆಂದರೆ ನೀರು ಹೋಗುವ ಮಾತ್ರೆ ಏಕೆ ಕೆಲಸ ಮಾಡಲಿಲ್ಲ ಎನ್ನುವುದೂ ಅದರಲ್ಲೇ ಇದೆ. ಆಮ್ಲೋಡಿಪಿನ್ ಸಣ್ಣ ಅಪಧಮನಿಗಳನ್ನು ಸಡಿಲಿಸಿ ಅಗಲ ಮಾಡುತ್ತದೆ. ಬಿಪಿ ಇಳಿಯುವುದು ಅದರಿಂದಲೇ. ಆದರೆ ರಕ್ತ ವಾಪಸು ಹೋಗುವ ಅಭಿಧಮನಿಯ ಕಡೆ ಅಷ್ಟೇ ಸಡಿಲವಾಗುವುದಿಲ್ಲ. ಗದ್ದೆಗೆ ನೀರು ಬರುವ ಕಂಡಿ ಅಗಲ ಮಾಡಿ, ಹೋಗುವ ಕಂಡಿ ಹಾಗೇ ಬಿಟ್ಟರೆ ಏನಾಗುತ್ತದೆ? ನಡುವಿನ ಗದ್ದೆ ಜೌಗಾಗುತ್ತದೆ. ಅದೇ ರೀತಿ ನಡುವಿನ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸುತ್ತಲಿನ ಮಾಂಸಕ್ಕೆ ಜಿನುಗುತ್ತದೆ. ನಿಂತು ಕೆಲಸ ಮಾಡುವವರಲ್ಲಿ ಅದು ಇಳಿದು ಪಾದಕ್ಕೆ ಬಂದು ಸೇರುತ್ತದೆ. ರಾತ್ರಿ ಮಲಗಿದಾಗ ಹಿಂತಿರುಗಿ ಬೆಳಗ್ಗೆ ಪರವಾಗಿಲ್ಲ ಅನಿಸುತ್ತದೆ. ಕಿಡ್ನಿ ನೀರು ಹಿಡಿದಿಟ್ಟುಕೊಂಡು ಬಂದ ಬಾವಲ್ಲ ಇದು. ಆದ್ದರಿಂದ ಕಿಡ್ನಿಗೆ ‘ಇನ್ನಷ್ಟು ಹೊರಗೆ ಹಾಕು’ ಎಂದು ಹೇಳುವ ಫ್ಯೂರೋಸೆಮೈಡ್, ಅಂದರೆ ಆ ನೀರು ಹೋಗುವ ಮಾತ್ರೆ, ಕೊಟ್ಟರೆ ಮೈಯ ನೀರು, ಸೋಡಿಯಂ, ಪೊಟ್ಯಾಸಿಯಂ ಹೋಗುತ್ತವೆ, ಕಾಲಿನ ಬಾವು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಒಂದು ಮಾತ್ರೆಯ ಅಡ್ಡಪರಿಣಾಮವನ್ನು ಹೊಸ ಕಾಯಿಲೆ ಎಂದುಕೊಂಡು ಅದಕ್ಕೆ ಇನ್ನೊಂದು ಮಾತ್ರೆ, ಅದರ ಅಡ್ಡಪರಿಣಾಮಕ್ಕೆ ಮತ್ತೊಂದು. ವೈದ್ಯರಾದ ನಾವೇ ಕಟ್ಟುವ ಸರಮಾಲೆ ಇದು. ನಾನೂ ಕಟ್ಟಿದ್ದೇನೆ. ಹದಿನೈದು ವರ್ಷದ ಹಿಂದೆ ಒಬ್ಬ ಹಿರಿಯರಿಗೆ ಇದೇ ಬಾವಿಗೆ ಇದೇ ನೀರಿನ ಮಾತ್ರೆ ಬರೆದೆ. ಮೂರು ವಾರಕ್ಕೆ ಅವರು ಹೆಬ್ಬೆರಳು ಕೆಂಪಾಗಿ, ಮುಟ್ಟಿಸಿಕೊಳ್ಳಲಾಗದ ನೋವಿನಿಂದ ಕುಂಟುತ್ತ ಬಂದರು. ನೀರಿನ ಮಾತ್ರೆ ಯೂರಿಕ್ ಆಸಿಡ್ ಏರಿಸಿ ಗೌಟ್ ತರಿಸಿತ್ತು. ಅದಕ್ಕೆ ನೋವಿನ ಮಾತ್ರೆ ಬರೆಯಲು ಪೆನ್ನು ತೆಗೆದಾಗ ಅವರ ಹೆಂಡತಿ, ‘ಇದು ಎಷ್ಟನೇದು ಡಾಕ್ಟ್ರೇ?’ ಎಂದು ಕೇಳಿದರು. ಪೆನ್ನು ಕೆಳಗಿಟ್ಟು ಮೊದಲಿಂದ ಲೆಕ್ಕ ಹಾಕಿದೆ.

ಹಾಗಿದ್ದರೆ ನೆರೆಮನೆಯವರ ಮಾತು? ಶುಗರ್, ಬಿಪಿ ಮಾತ್ರೆ ತಿಂದು ಕಿಡ್ನಿ ಹೋಗುತ್ತದೆ ಎಂಬುದು ನಮ್ಮ ರಾಜ್ಯದ ಮೂಲೆಮೂಲೆಯಲ್ಲೂ ಕೇಳಿಬರುವ ಮಾತು. ಅದು ಹುಟ್ಟಿದ್ದಕ್ಕೆ ಕಾರಣವಿದೆ. ಡಯಾಲಿಸಿಸ್‌ಗೆ ಹೋಗುವವರಲ್ಲಿ ಹೆಚ್ಚಿನವರು ಹತ್ತಾರು ವರ್ಷ ಮಾತ್ರೆ ನುಂಗಿದವರೇ. ನೋಡುವವರಿಗೆ ಮಾತ್ರೆ ಕಾಣುತ್ತದೆ, ಒಳಗೊಳಗೇ ರಕ್ತನಾಳ ಸವೆಸಿದ ಸಕ್ಕರೆ, ಒತ್ತಡ ಕಾಣುವುದಿಲ್ಲ. ಕಿಡ್ನಿಯನ್ನು ಕೆಡಿಸುವುದು ಹತೋಟಿ ತಪ್ಪಿದ ಶುಗರ್ ಮತ್ತು ಬಿಪಿ. ನಿಮ್ಮ ತಾಯಿಯ ಟೆಲ್ಮಿಸಾರ್ಟನ್ ಅಂತೂ ಶುಗರ್ ಇರುವವರ ಕಿಡ್ನಿ ಕಾಪಾಡಲೆಂದೇ ಕೊಡುವ ಗುಂಪಿನದು. ಶುಗರಿಗೆ ಅವರು ನುಂಗುವ ಮೆಟ್‌ಫಾರ್ಮಿನ್ ಕೂಡ ಕಿಡ್ನಿಯನ್ನು ಕೆಡಿಸುವುದಿಲ್ಲ. ಕಿಡ್ನಿ ಬೇರೆ ಕಾರಣಕ್ಕೆ ತೀರಾ ಸೊರಗಿದಾಗ ಅದು ಮೈಯಿಂದ ಹೊರಹೋಗದೆ ಉಳಿಯುತ್ತದೆಂದು ನಾವು ನಿಲ್ಲಿಸುತ್ತೇವೆ. ‘ಕಿಡ್ನಿ ಕೆಟ್ಟಿದೆ, ಡಾಕ್ಟರು ಮಾತ್ರೆ ನಿಲ್ಲಿಸಿದರು’ ಎನ್ನುವುದು ಬಾಯಿಂದ ಬಾಯಿಗೆ ದಾಟುವಾಗ ‘ಮಾತ್ರೆಯಿಂದ ಕಿಡ್ನಿ ಕೆಟ್ಟಿತು’ ಆಗುತ್ತದೆ.

ಆದರೆ ಆ ಮೇಜಿನ ಮೇಲೆ ಕಿಡ್ನಿಗೆ ನಿಜವಾಗಿ ಹೊಡೆತ ಕೊಡುವ ಎರಡು ವಸ್ತು ಇವೆ. ಯಾರೂ ಅವುಗಳ ಮೇಲೆ ಅನುಮಾನ ಪಟ್ಟಿಲ್ಲ. ಒಂದು ಮಂಡಿನೋವಿನ ಡೈಕ್ಲೋಫೆನಾಕ್. ಇನ್ನೊಂದು ಬಿಂಬುಳಿ ಜ್ಯೂಸು.

ಮೊದಲು ನೋವಿನ ಮಾತ್ರೆ. ನಿಮ್ಮ ಕಡೆಯವರಿಗೆ ಅಡಿಕೆ ತೋಟದ ಸ್ಪ್ರಿಂಕ್ಲರ್ ಗೊತ್ತೇ ಇದೆ. ಪ್ರೆಶರ್ ಇದ್ದರೆ ಜೆಟ್ ತಿರುಗುತ್ತದೆ, ಇಲ್ಲದಿದ್ದರೆ ನೀರು ಬುಡದಲ್ಲೇ ತೊಟ್ಟಿಕ್ಕುತ್ತದೆ. ಕಿಡ್ನಿಯ ಸೋಸುವ ಜರಡಿಯೂ ಪ್ರೆಶರ್ ಮೇಲೆಯೇ ಕೆಲಸ ಮಾಡುವುದು. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಜರಡಿಗೆ ರಕ್ತ ಬರುವ ಕಡೆಯ ವಾಲ್ವನ್ನು ಬಿಗಿ ಮಾಡುತ್ತವೆ. ಟೆಲ್ಮಿಸಾರ್ಟನ್ ಹೋಗುವ ಕಡೆಯ ವಾಲ್ವನ್ನು ಸಡಿಲ ಮಾಡುತ್ತದೆ. ಅದೊಂದೇ ಇದ್ದರೆ ಒಳ್ಳೆಯದೇ, ಜರಡಿಯ ಮೇಲಿನ ಒತ್ತಡ ತಗ್ಗಿ ಬಾಳಿಕೆ ಬರುತ್ತದೆ. ಫ್ಯೂರೋಸೆಮೈಡ್ ಕೆರೆಯ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಒಟ್ಟಿಗೆ ಆದರೆ, ಅದರ ಮೇಲೆ ಎರಡು ದಿನ ಭೇದಿಯೋ ವಾಂತಿಯೋ ಆದರೆ, ಜೆಟ್ ನಿಂತುಬಿಡುತ್ತದೆ. ನಿಮ್ಮ ತಾಯಿ ಈಗ ಸರಿಯಾಗಿ ಆ ಮೂರನ್ನೂ ತೆಗೆದುಕೊಳ್ಳುತ್ತಿದ್ದಾರೆ. ಸಾಲದ್ದಕ್ಕೆ ನೋವಿನ ಮಾತ್ರೆ ಮೈಯಲ್ಲಿ ಉಪ್ಪು ನೀರು ಹಿಡಿದಿಡುತ್ತದೆ, ಬಿಪಿ ಏರಿಸುತ್ತದೆ. ದೀಪಾವಳಿ ಹೊತ್ತಿಗೆ ಅವರ ಬಿಪಿ ಏರಿದ್ದು ಏಕೆ ಎಂದು ನನಗೆ ಕೇಳಬೇಕೆನಿಸುತ್ತಿದೆ. ಮಂಡಿನೋವು ಶುರುವಾಗಿ ಆ ಮಾತ್ರೆ ತರಿಸಿಕೊಂಡದ್ದು ಅದಕ್ಕೆ ಮುಂಚೆಯಾ, ಆಮೇಲಾ? ವಿಚಾರಿಸಿ ನೋಡಿ.

(ನಡುವೆ ಒಂದು ಮಾತು. ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದುಗಳಿಗೆ ಅಭಯಾರಣ್ಯ ಮಾಡಿರುವುದು ಗೊತ್ತಿರಬಹುದು. ದೇಶದ ರಣಹದ್ದುಗಳು ಹೆಚ್ಚುಕಡಿಮೆ ನಿರ್ನಾಮವಾದದ್ದು ಇದೇ ಡೈಕ್ಲೋಫೆನಾಕ್‌ನಿಂದ. ಅದರ ಚುಚ್ಚುಮದ್ದು ಹಾಕಿಸಿಕೊಂಡು ಸತ್ತ ದನಗಳನ್ನು ತಿಂದ ಹದ್ದುಗಳ ಕಿಡ್ನಿ ಹೋಯಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು. ಹದ್ದಿನ ಕಿಡ್ನಿ ಬೇರೆ, ಮನುಷ್ಯರ ಕಿಡ್ನಿ ಬೇರೆ, ಒಂದು ಮಾತ್ರೆಗೆ ನಮಗೆ ಹಾಗಾಗುವುದಿಲ್ಲ. ಆದರೂ ಚೀಟಿಯಿಲ್ಲದೆ ಹತ್ತರ ಹಾಳೆ ಕೊಡುವಾಗ ಮೆಡಿಕಲ್‌ನವರು ಒಮ್ಮೆ ಯೋಚಿಸಬಹುದು.)

ಮಂಡಿನೋವನ್ನು ಸಹಿಸಿಕೊಂಡಿರಿ ಎಂದು ಯಾರಿಗೂ ಹೇಳುವುದಿಲ್ಲ ನಾನು. ನುಂಗುವ ಡೈಕ್ಲೋಫೆನಾಕ್ ಬದಲು ಅದರದೇ ಜೆಲ್ ಹಚ್ಚಿದರೆ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಪ್ಯಾರಾಸಿಟಮಾಲ್ ಇದೆ, ಈ ವಯಸ್ಸಿಗೆ ದಿನಕ್ಕೆ 3 ಗ್ರಾಂ ದಾಟದ ಹಾಗೆ. ನೆಗಡಿ ಜ್ವರದ ಮಾತ್ರೆಗಳಲ್ಲೂ ಅದೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಬೇಕು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹತ್ತು ನಿಮಿಷದಲ್ಲಿ ಹೇಳಿಕೊಡುತ್ತಾರೆ, ದೀರ್ಘಕಾಲಕ್ಕೆ ಕೆಲಸ ಮಾಡುವುದು ಅದೇ. ಯಾರಾದರೂ ‘ಎರಡೇ ದಿನಕ್ಕೆ ನೋವು ಮಾಯ’ ಎಂದು ಹೆಸರಿಲ್ಲದ ಪೊಟ್ಟಣ ಕೊಟ್ಟರೆ ಮಾತ್ರ ಮುಟ್ಟಬೇಡಿ. ಅಂಥ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿದೆ. ಮುಖ ದುಂಡಗಾಗುತ್ತದೆ, ಶುಗರ್ ಹಾರುತ್ತದೆ, ತಟ್ಟನೆ ನಿಲ್ಲಿಸಿದರೆ ಮೈ ಕುಸಿಯುತ್ತದೆ.

ಈಗ ಬಿಂಬುಳಿ. ಇದನ್ನು ಓದುವ ಬಯಲುಸೀಮೆಯವರಿಗಾಗಿ: ಕಾಂಡಕ್ಕೇ ಗೊಂಚಲು ಗೊಂಚಲಾಗಿ ಅಂಟಿಕೊಂಡು ಬಿಡುವ, ಬೆರಳುದ್ದದ, ಹಲ್ಲು ಚುಳ್ಳೆನ್ನಿಸುವ ಹುಳಿ ಕಾಯಿ. ಕರಾವಳಿಯಲ್ಲಿ ಉಪ್ಪಿನಕಾಯಿ, ಗೊಜ್ಜು, ಸಾರಿಗೆ ಹಾಕುತ್ತಾರೆ. ಹಾಗೆ ತಿಂದವರಿಗೆ ತಲೆತಲಾಂತರದಿಂದ ಏನೂ ಆಗಿಲ್ಲ. ಜ್ಯೂಸು ಮಾಡಿದರೆ ಕಥೆಯೇ ಬೇರೆ. ಅದರ ಹುಳಿಯಲ್ಲಿ ಆಕ್ಸಾಲಿಕ್ ಆಮ್ಲ ವಿಪರೀತ. ಸಾರಿಗೆ ಎರಡು ಮೂರು ಕಾಯಿ ಹಾಕಿ ಐದು ಜನ ತಿನ್ನುತ್ತಾರೆ. ಒಂದು ಲೋಟ ಜ್ಯೂಸಿಗೆ ಎಷ್ಟು ಕಾಯಿ ಹಿಂಡುತ್ತಾರೆ, ನೀವೇ ಎಣಿಸಿ. ಊಟದ ಜೊತೆಗಾದರೆ ಮೊಸರು, ಹಾಲಿನ ಕ್ಯಾಲ್ಸಿಯಂ ಅದನ್ನು ಕರುಳಲ್ಲೇ ಹಿಡಿದು ಹೊರಗೆ ಕಳಿಸುತ್ತದೆ. ಖಾಲಿ ಹೊಟ್ಟೆಯಲ್ಲಿ ತಡೆಯುವವರಿಲ್ಲ. ರಕ್ತಕ್ಕೆ ಸೇರಿದ ಆಕ್ಸಲೇಟ್ ಕಿಡ್ನಿಯ ಸಣ್ಣ ಕೊಳವೆಗಳಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಕೂರುತ್ತದೆ.

ಇದು ಊಹೆಯಲ್ಲ. ಪಕ್ಕದ ಕೇರಳದಲ್ಲಿ ಇದೇ ಕಾಯಿಗೆ ‘ಇರುಂಬನ್ ಪುಳಿ’ ಎನ್ನುತ್ತಾರೆ, ಅಲ್ಲೂ ಕೊಲೆಸ್ಟ್ರಾಲಿಗೆಂದು ಜ್ಯೂಸು ಕುಡಿಯುವ ಗೀಳು ಹಬ್ಬಿತ್ತು. ಹಾಗೆ ಕುಡಿದು ಏಕಾಏಕಿ ಕಿಡ್ನಿ ಕೈಕೊಟ್ಟ ಹತ್ತು ಮಂದಿಯ ವಿವರವನ್ನು ಅಲ್ಲಿನ ಕಿಡ್ನಿ ತಜ್ಞರು 2013ರಲ್ಲಿ ಪ್ರಕಟಿಸಿದರು. ಏಳು ಜನರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಸಮಾಧಾನದ ಸಂಗತಿಯೆಂದರೆ ಎಲ್ಲರೂ ಚೇತರಿಸಿಕೊಂಡರು. ಬಿಂಬುಳಿಯ ಅಣ್ಣನಂತಿರುವ ಧಾರೆಹುಳಿ, ಅಂದರೆ ಕಮರಾಕ್ಷಿ, ಅದೂ ಇದೇ ಜಾತಿಯದು. ಕಿಡ್ನಿ ಈಗಾಗಲೇ ದುರ್ಬಲವಾಗಿರುವವರು ಅದನ್ನು ತಿಂದರೆ ಬಿಕ್ಕಳಿಕೆ ಹತ್ತಿ, ಮಾತು ತೊದಲಿ, ಪ್ರಜ್ಞೆ ತಪ್ಪುವುದೂ ಉಂಟು.

ಆದ್ದರಿಂದ ಜ್ಯೂಸು ಇವತ್ತೇ ನಿಲ್ಲಲಿ, ನುಂಗುವ ನೋವಿನ ಮಾತ್ರೆಯೂ ಇವತ್ತೇ. ಈ ಎರಡಕ್ಕೆ ಯಾರ ಅನುಮತಿಯೂ ಬೇಡ. ಈ ವಾರದೊಳಗೆ ರಕ್ತದಲ್ಲಿ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿ. ಮೂತ್ರ ಕಡಿಮೆಯಾದರೆ, ವಾಕರಿಕೆ ಬಂದರೆ ವಾರ ಕಾಯಬೇಡಿ, ಅದೇ ದಿನ ಹೋಗಿ.

ಬಿಪಿ ಮಾತ್ರೆಗಳ ವಿಷಯದಲ್ಲಿ ಮಾತ್ರ ನೀವಾಗಿ ಏನನ್ನೂ ಬಿಡಿಸಬೇಡಿ. ಎರಡು ಹಾಳೆಗಳನ್ನೂ ಹಿಡಿದು ಊರಿನ ಡಾಕ್ಟರ ಹತ್ತಿರ ಹೋಗಿ, ‘ಎರಡರಲ್ಲೂ ಆಮ್ಲೋಡಿಪಿನ್ ಇದೆ’ ಎಂದಷ್ಟೇ ಹೇಳಿ. ಉಳಿದದ್ದು ಅವರಿಗೆ ಹೊಳೆಯುತ್ತದೆ. ಅವರ ಮುಂದೆ ದಾರಿಗಳಿವೆ. ರಾತ್ರಿಯದನ್ನು ನಿಲ್ಲಿಸಿ ಬೆಳಗಿನದನ್ನಷ್ಟೇ ಮುಂದುವರಿಸಿ ಎರಡು ವಾರ ಬಿಪಿ ನೋಡುವುದು ಸರಳ ದಾರಿ. ಟೆಲ್ಮಿಸಾರ್ಟನ್ ವಾಪಸು ಹೋಗುವ ಕಂಡಿಯನ್ನೂ ಸ್ವಲ್ಪ ಅಗಲ ಮಾಡುವುದರಿಂದ ಅದರ ಜೊತೆಗಿದ್ದಾಗ ಆಮ್ಲೋಡಿಪಿನ್ ಬಾವು ಕಡಿಮೆ. ಬಿಪಿ ನಿಲ್ಲದಿದ್ದರೆ ಟೆಲ್ಮಿಸಾರ್ಟನ್ ಪ್ರಮಾಣ ಏರಿಸಬಹುದು, ಅದಕ್ಕೆ ಪೊಟ್ಯಾಸಿಯಂ ಮೇಲೆ ಕಣ್ಣಿಡಬೇಕು. ಇಲ್ಲವೇ ಆಮ್ಲೋಡಿಪಿನ್ ಬದಲು ಅದೇ ಗುಂಪಿನ ಸಿಲ್ನಿಡಿಪಿನ್ ಕೊಡಬಹುದು. ಬಾವು ಕಡಿಮೆ, ಬೆಲೆ ತುಸು ಜಾಸ್ತಿ. ಹೀಗೆ ಮೂಲ ಸರಿಹೋದರೆ ನೀರಿನ ಮಾತ್ರೆಗೆ ಕೆಲಸವೇ ಇರುವುದಿಲ್ಲ.

ಎರಡೂ ಕಾಲು ಸಮನಾಗಿ, ಸಂಜೆಗೆ ಹೆಚ್ಚಾಗಿ, ಮಾತ್ರೆ ಬದಲಾದ ನಂತರ ಬಂದ ಬಾವು ಎಂಬ ಕಾರಣಕ್ಕೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಒಂದೇ ಕಾಲು ಬಾತು ಮೀನಖಂಡ ನೋವಾಗುವುದು, ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುವುದು, ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ಆರದ ನೊರೆ, ಇವುಗಳಲ್ಲಿ ಒಂದಿದ್ದರೂ ನನ್ನ ಈ ಲೆಕ್ಕ ಬದಿಗಿಡಿ. ಅಂಥ ಬಾವಿನ ಹಿಂದೆ ರಕ್ತ ಹೆಪ್ಪುಗಟ್ಟುವುದು, ಹೃದಯ, ಕಿಡ್ನಿ ಯಾವುದಾದರೂ ಇರಬಹುದು, ಅದನ್ನು ಮುಟ್ಟಿ ನೋಡಿಯೇ ಹೇಳಬೇಕು.

ಉಪ್ಪಿನ ಬಗ್ಗೆ ಎರಡು ಮಾತು. ನಿಮ್ಮ ಕಡೆ ಮಳೆಗಾಲದಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಕಾಯಿ ಭರಣಿಯಿಂದ ಹೊರಬರುತ್ತವೆ, ಹಪ್ಪಳ ಸಂಡಿಗೆ ಬೇರೆ. ಅವನ್ನು ಕಡಿಮೆ ಮಾಡಿದರೆ ಬಿಪಿಗೆ ಒಳ್ಳೆಯದು. ಆದರೆ ಅದಕ್ಕೆ ಬದಲಿಯೆಂದು ‘ಸೋಡಿಯಂ ಕಡಿಮೆ ಇರುವ ಉಪ್ಪು’ ತಂದುಕೊಡಬೇಡಿ. ಅದರಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಹಾಕಿರುತ್ತಾರೆ. ಟೆಲ್ಮಿಸಾರ್ಟನ್ ತೆಗೆದುಕೊಳ್ಳುವವರಲ್ಲಿ, ಅದರಲ್ಲೂ ಕಿಡ್ನಿ ಸ್ವಲ್ಪ ಸೊರಗಿದ್ದರೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಪ್ಪಬಹುದು. ದಿನಕ್ಕೆ ಎರಡು ಮೂರು ಎಳನೀರು ಕುಡಿಯುವ ಅಭ್ಯಾಸವಿದ್ದರೆ ರಕ್ತಪರೀಕ್ಷೆಯ ವರದಿ ಬರುವವರೆಗೆ ಅದೂ ಬೇಡ.

ಪಾದದ ಉರಿಗೆ ಬರೋಣ. ಶುಗರ್‌ನಿಂದ ನರ ಸವೆದು ಉರಿಯಬಹುದು ನಿಜ. ಆದರೆ ಒಂಬತ್ತು ವರ್ಷ ಮೆಟ್‌ಫಾರ್ಮಿನ್ ಎಂದಾಗ ನನ್ನ ಕೈ ಮೊದಲು ಬರೆಯುವುದು ಬಿ12 ಪರೀಕ್ಷೆಯನ್ನು. ಕರುಳು ಬಿ12 ಹೀರಿಕೊಳ್ಳುವುದಕ್ಕೆ ಮೆಟ್‌ಫಾರ್ಮಿನ್ ಅಡ್ಡಿ ಮಾಡುತ್ತದೆ. ಪ್ರಮಾಣ ಹೆಚ್ಚಿದ್ದಷ್ಟೂ, ವರ್ಷ ಕಳೆದಷ್ಟೂ ಕೊರತೆ ಹೆಚ್ಚು. ಇದು ಸಾಮಾನ್ಯ ಅಡ್ಡಪರಿಣಾಮ, ಲಕ್ಷಣವಿದ್ದವರಿಗೆ ಪರೀಕ್ಷಿಸಿ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ತಿಳಿಸಿತು. ಅಮ್ಮ ಸಸ್ಯಾಹಾರಿಯಾಗಿದ್ದರೆ ಹಾಲು ಮೊಸರು ಬಿಟ್ಟರೆ ಬಿ12ಗೆ ಬೇರೆ ದಾರಿಯಿಲ್ಲ. ಫೋಟೋದ ಮೂಲೆಯಲ್ಲಿ ಪ್ಯಾಂಟೊಪ್ರಜೋಲ್ ಕೂಡ ಕಾಣುತ್ತಿದೆ, ‘ಗ್ಯಾಸ್ ಮಾತ್ರೆ’. ವರ್ಷಗಟ್ಟಲೆ ತೆಗೆದುಕೊಂಡರೆ ಅದೂ ಬಿ12 ಕಡಿಮೆ ಮಾಡುತ್ತದೆ. ನೋವಿನ ಮಾತ್ರೆಯಿಂದ ಹೊಟ್ಟೆ ಉರಿಯದಿರಲಿ ಎಂದು ಅದನ್ನು ಕೊಟ್ಟಿದ್ದರೆ, ನೋವಿನ ಮಾತ್ರೆ ಹೋದ ಮೇಲೆ ಇದೂ ಹೋಗಬಹುದು.

ಹಾಗೆಂದು ಮೆಟ್‌ಫಾರ್ಮಿನ್ ಬಿಡುವುದಲ್ಲ, ಬಿ12 ತುಂಬಿಸಿದರಾಯಿತು. ಮಾತ್ರೆಯಲ್ಲಾದರೂ ಸರಿ, ಕೊರತೆ ಹೆಚ್ಚಿದ್ದರೆ ಇಂಜೆಕ್ಷನ್. ಪರೀಕ್ಷೆಗೆ ಮುಂಚೆ ಮಾತ್ರ ಶುರು ಮಾಡಬೇಡಿ, ರಕ್ತದಲ್ಲಿ ಮಟ್ಟ ಏರಿ ಕೊರತೆ ಇತ್ತೋ ಇಲ್ಲವೋ ಗೊತ್ತಾಗುವುದಿಲ್ಲ. ಬಿ ಕಾಂಪ್ಲೆಕ್ಸ್ ಕೊಂಡುಕೊಳ್ಳುವಾಗ ಬಿ6 ಎಷ್ಟಿದೆ ನೋಡಿ. ಜಾಸ್ತಿ ಬಿ6 ತಿಂಗಳುಗಟ್ಟಲೆ ಹೋದರೆ ಅದೇ ಕಾಲಿನ ನರ ಕೆಡಿಸಿ ಜೋಮು ತರಿಸುತ್ತದೆ. ಉರಿಗೆಂದು ತಂದದ್ದೇ ಉರಿ ಹೆಚ್ಚಿಸಿದ ಹಾಗೆ.

ವಿಟಮಿನ್ ತಾನೆ, ಏನಾಗುತ್ತೆ ಎನ್ನುವವರಿಗೆ ನಾನು ಒಬ್ಬ ನಿವೃತ್ತ ಶಿಕ್ಷಕಿಯ ಕಥೆ ಹೇಳುತ್ತೇನೆ. ವಾಂತಿ, ಮಲಬದ್ಧತೆ, ದಿನವಿಡೀ ಮಂಪರು. ಮನೆಯವರು ಮರೆವಿನ ಕಾಯಿಲೆ ಎಂದುಕೊಂಡಿದ್ದರು. ಕ್ಯಾಲ್ಸಿಯಂ ನೋಡಿದರೆ ಆಕಾಶದಲ್ಲಿದೆ. ವಾರಕ್ಕೊಂದು ತೆಗೆದುಕೊಳ್ಳಬೇಕಾದ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಎರಡು ತಿಂಗಳು ದಿನಾ ಹಾಲಿಗೆ ಬೆರೆಸಿ ಕುಡಿದಿದ್ದರು. ಚೀಟಿಯಲ್ಲಿ ‘ವಾರಕ್ಕೆ’ ಎನ್ನುವುದು ನನ್ನ ಸಹೋದ್ಯೋಗಿಯೊಬ್ಬರ ಕೈಬರಹದಲ್ಲಿ ಗೆರೆಯಂತೆ ಕಾಣುತ್ತಿತ್ತು. ನಿಮ್ಮ ಫೋಟೋದಲ್ಲೂ ಅಂಥ ಪೊಟ್ಟಣ ನಾಲ್ಕಿವೆ. ಅಮ್ಮ ಯಾವ ವಾರ ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ‘ಸೋಮವಾರ’ ಎಂದರೆ ನೆಮ್ಮದಿ.

ಉಳಿದದ್ದು ಎಲೆ ಮತ್ತು ಕಷಾಯ. ಇನ್ಸುಲಿನ್ ಗಿಡದ ಎಲೆಯಲ್ಲಿ ನಮ್ಮ ಇನ್ಸುಲಿನ್ ಇಲ್ಲ, ಹೆಸರು ಮಾತ್ರ ಇದೆ. ಇದ್ದಿದ್ದರೂ ಬಾಯಿಂದ ಹೋದ ಇನ್ಸುಲಿನ್ ಹೊಟ್ಟೆಯಲ್ಲಿ ಬೇಳೆಯ ಹಾಗೆ ಜೀರ್ಣವಾಗಿಬಿಡುತ್ತದೆ. ಇಲ್ಲದಿದ್ದರೆ ಜನ ಯಾಕೆ ಚುಚ್ಚಿಕೊಳ್ಳುತ್ತಿದ್ದರು? ಎಲೆಗೆ ಸಕ್ಕರೆ ಸ್ವಲ್ಪ ಇಳಿಸುವ ಗುಣ ಇರಬಹುದು, ಆದರೆ ಇವತ್ತಿನ ಎಲೆಯಲ್ಲಿ ಎಷ್ಟು, ನಾಳಿನ ಎಲೆಯಲ್ಲಿ ಎಷ್ಟು ಎಂದು ಅಳೆಯುವವರಿಲ್ಲ. ಮೆಟ್‌ಫಾರ್ಮಿನ್ ಒಂದೇ ಇರುವ ನಿಮ್ಮ ತಾಯಿಗೆ ಶುಗರ್ ತೀರಾ ಇಳಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಎಲೆ, ಹಾಗಲಕಾಯಿ ರಸ ಎಂದೆಲ್ಲ ಒಟ್ಟಿಗೆ ಸೇರಿಸಿ ಬೆವೆತು ಬಿದ್ದು ಬಂದದ್ದನ್ನು ನೋಡಿದ್ದೇನೆ. ಎಲೆ ತಿನ್ನಲೇಬೇಕೆಂದು ಅಮ್ಮನಿಗೆ ಆಸೆಯಿದ್ದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ, ಮಾತ್ರೆಯ ಬದಲಿಗೆ ಬೇಡ, ಕಿಡ್ನಿ ವರದಿ ಬರುವವರೆಗೆ ಬೇಡ, ಅಷ್ಟೇ. ಅದಕ್ಕಿಂತ ನೆನೆಸಿದ ಮೆಂತೆ ವಾಸಿ. ಅದರ ಲೋಳೆಯ ನಾರು ಸಕ್ಕರೆ ರಕ್ತಕ್ಕೆ ಸೇರುವುದನ್ನು ನಿಧಾನ ಮಾಡುತ್ತದೆ. ಅದೇ ಲೋಳೆ ಮಾತ್ರೆಯನ್ನೂ ತಡ ಮಾಡಬಹುದಾದ್ದರಿಂದ ಎರಡರ ನಡುವೆ ಒಂದೆರಡು ಗಂಟೆ ಇರಲಿ.

ಅಮೃತಬಳ್ಳಿಯನ್ನು ಮಾತ್ರ ನಿಲ್ಲಿಸಿ ಎನ್ನುತ್ತೇನೆ. ಕೋವಿಡ್ ಸಮಯದಲ್ಲಿ ಮನೆಮನೆಯಲ್ಲಿ ಕುದಿಸಿದ್ದು ಗೊತ್ತು, ನಮ್ಮ ಮನೆಯಲ್ಲೂ ಕುದಿಯಿತು. ಆ ಹೊತ್ತಿನಲ್ಲೇ ಕಾಮಾಲೆಯಾಗಿ ಬಂದ ಕೆಲವರ ಲಿವರ್ ತೊಂದರೆಗೆ ಅಮೃತಬಳ್ಳಿ ಕಾರಣ ಎಂದು ಮುಂಬೈಯ ಲಿವರ್ ತಜ್ಞರು ವರದಿ ಮಾಡಿದರು. 2022ರಲ್ಲಿ ದೇಶದ ಬೇರೆ ಬೇರೆ ಆಸ್ಪತ್ರೆಗಳು ಸೇರಿ 43 ರೋಗಿಗಳ ಅಧ್ಯಯನ ಪ್ರಕಟಿಸಿದವು. ಅದನ್ನು ಹೋಲುವ ಬೇರೆ ಬಳ್ಳಿ ಬೆರೆತಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ನಮ್ಮ ರೋಗನಿರೋಧಕ ಶಕ್ತಿ ಕೆರಳಿ ನಮ್ಮದೇ ಲಿವರಿನ ಮೇಲೆ ತಿರುಗಿಬೀಳುವ ಸ್ವಭಾವ ಕೆಲವರಲ್ಲಿರುತ್ತದೆ, ಥೈರಾಯ್ಡ್ ತೊಂದರೆಯಂಥದ್ದು ಇದ್ದವರಲ್ಲಿ ಹೆಚ್ಚು. ಯಾವ ಕಾಯಿಲೆಗೂ ಅಲ್ಲದೆ, ಸುಮ್ಮನೆ ‘ಶಕ್ತಿಗೆ’ ವರ್ಷಗಟ್ಟಲೆ ಕುಡಿಯುವಾಗ ಆ ಅಪಾಯ ಏಕೆ? ರಕ್ತ ತೆಗೆಯುವಾಗ ಲಿವರ್ ಪರೀಕ್ಷೆಯನ್ನೂ ಸೇರಿಸಿ. ಜೀರಿಗೆ, ಕೊತ್ತಂಬರಿ, ಶುಂಠಿ ಹಾಕಿದ ಕಷಾಯ ಕುಡಿಯಲಿ, ಅದರಲ್ಲಿ ಸಕ್ಕರೆ ಬೆಲ್ಲ ಇಲ್ಲದಿದ್ದರೆ ನನ್ನ ತಕರಾರಿಲ್ಲ. ಅರಿಶಿನವೂ ಅಡುಗೆಯಲ್ಲಿ ಎಷ್ಟು ಬೇಕೋ ಅಷ್ಟು. ಕಾಳುಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ಬೇಡ. ಮೆಣಸಿನ ಸಾರದಿಂದ ಅದು ರಕ್ತಕ್ಕೆ ಅನೇಕ ಪಟ್ಟು ಸೇರುತ್ತದೆ, ಅದರಿಂದಲೂ ಲಿವರ್ ಕೆಟ್ಟ ವರದಿಗಳಿವೆ.

ಮಾತ್ರೆಯಾ, ನಾಟಿಯಾ ಎಂದು ಕೇಳಿದಿರಿ. ಆ ಗೋಡೆ ನಾವು ಎಬ್ಬಿಸಿದ್ದು. ಮೆಟ್‌ಫಾರ್ಮಿನ್ ಬಂದದ್ದೇ ಯುರೋಪಿನ ಹಳ್ಳಿಗರು ಮೂಲಿಕೆಯಾಗಿ ಬಳಸುತ್ತಿದ್ದ ಗಲೇಗ ಎಂಬ ಗಿಡದ ಜಾಡು ಹಿಡಿದು. ಗಿಡದಲ್ಲಿದ್ದ ವಸ್ತು ನಂಜಾಗುತ್ತಿತ್ತು. ಅದಕ್ಕೆ ಹತ್ತಿರದ, ನಂಜು ಕಡಿಮೆಯಿರುವ ವಸ್ತುವನ್ನು ಪ್ರಯೋಗಾಲಯದಲ್ಲಿ ಮಾಡಿ, ಎಷ್ಟು ಕೊಟ್ಟರೆ ಏನಾಗುತ್ತದೆ ಎಂದು ಅಳೆದು, 1957ರಲ್ಲಿ ಪ್ಯಾರಿಸ್ಸಿನ ವೈದ್ಯ ಜಾನ್ ಸ್ಟೆರ್ನ್ ಸಕ್ಕರೆ ಕಾಯಿಲೆಗೆ ಅದರ ಬಳಕೆಯನ್ನು ಪ್ರಕಟಿಸಿದ. ನಾನು ಯಾವುದೇ ಸೊಪ್ಪು, ಯಾವುದೇ ಮಾತ್ರೆಯ ಬಗ್ಗೆ ಕೇಳುವುದು ಒಂದೇ: ಎಷ್ಟು, ಎಷ್ಟು ದಿನ, ಜೊತೆಗೆ ಇನ್ನೇನು?

ಅದಕ್ಕೆ ಮುಂದಿನ ಸಲ ಊರಿಗೆ ಹೋದಾಗ ಒಂದು ಬಟ್ಟೆ ಚೀಲ ಹಿಡಿದು ಮನೆಯೆಲ್ಲ ಸುತ್ತಿ. ಫ್ರಿಜ್ಜಿನ ಮೇಲಿನದು, ದೇವರ ಕೋಣೆಯ ಗೂಡಿನದು, ಅಪ್ಪನ ಡ್ರಾಯರಿನದು, ಕಷಾಯದ ಪುಡಿಯ ಡಬ್ಬ, ಎಲ್ಲ ಅದರಲ್ಲಿ ತುಂಬಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಯಾವುದು ನಿಂತಿದೆಯೋ ಆ ಹಾಳೆಯನ್ನು ಮನೆಗೆ ವಾಪಸು ಒಯ್ಯಬೇಡಿ. ಕೂಡಿಟ್ಟ ಹಳೆಯ ಹಾಳೆಯೇ ಮತ್ತೆ ಬಾಯಿಗೆ ಹೋಗುವುದು. ಔಷಧದ ಅಡ್ಡಪರಿಣಾಮವನ್ನು ಡಾಕ್ಟರಷ್ಟೇ ಅಲ್ಲ, ರೋಗಿಯ ಮನೆಯವರೂ ಸರ್ಕಾರಕ್ಕೆ ತಿಳಿಸಬಹುದು. 2010ರಿಂದ ನಡೆಯುತ್ತಿರುವ ರಾಷ್ಟ್ರೀಯ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024. ಗಿಡಮೂಲಿಕೆಯಿಂದ ಆದದ್ದನ್ನೂ ಹೇಳಬಹುದು.

ಇನ್ನೊಂದು ಬಾಕಿಯಿದೆ. ‘ಬಿಟ್ಟರೆ ಬಾವು ಇಳಿಯುತ್ತದೆ, ನಾನೇ ನೋಡಿದ್ದೇನೆ’ ಎಂದು ಅಮ್ಮ ಹೇಳಿದ್ದರಲ್ಲ, ಅದು ಸರಿಯಾಗಿಯೇ ಇತ್ತು. ಮಾತ್ರೆ ಬಿಟ್ಟದ್ದು ಅಪಾಯದ ಕೆಲಸ, ಆದರೆ ನೋಡಿದ್ದು ಖರೆ. ಇಡೀ ಸಂಸಾರದಲ್ಲಿ, ಇಬ್ಬರು ಡಾಕ್ಟರನ್ನೂ ಸೇರಿಸಿ, ಕಾಯಿಲೆಯ ಮೂಲ ಹಿಡಿದವರು ಅವರೊಬ್ಬರೇ. ನೀವೆಲ್ಲ ಸೇರಿ ಬೈದಿರಿ. ಇವತ್ತೇ ಫೋನ್ ಮಾಡಿ ‘ಅಮ್ಮಾ, ನೀನು ಹೇಳಿದ್ದೇ ಸರಿ’ ಎಂದುಬಿಡಿ, ಆಮೇಲೆ ಜ್ಯೂಸು ನಿಲ್ಲಿಸುವ ಮಾತು ಸಲೀಸಾಗುತ್ತದೆ. ಆಮ್ಲೋಡಿಪಿನ್ ಮೈಯಿಂದ ಇಳಿಯುವುದು ನಿಧಾನ, ಅರ್ಧ ಹೋಗಲಿಕ್ಕೇ ಒಂದೂವರೆ ದಿನ ಬೇಕು. ಹಾಗಾಗಿ ಪ್ರಮಾಣ ಬದಲಾದ ಮರುದಿನವೇ ಕಾಲು ನೋಡಿ ನಿರಾಶರಾಗಬೇಡಿ. ಹತ್ತು ಹದಿನೈದು ದಿನ ಬಿಟ್ಟು, ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಲುಂಗುರ ಬೆರಳಲ್ಲಿ ತಿರುಗುತ್ತದಾ ಎಂದು ಅವರನ್ನೇ ಕೇಳಿ, ನನಗೂ ಬರೆಯಿರಿ.